ಮೀಟಿಂಗ್ ರೂಮಿನ ಪೆಟ್ಟಿಗೆಗೆ ಯಜಮಾನ ಯಾರು?

ಈ ಸಲದ ಟಪಾಲಿನಲ್ಲಿ ಒಂದೇ ಜಾತಿಯ ಪ್ರಶ್ನೆಗಳು ಜಾಸ್ತಿ. ಲ್ಯಾಪ್‌ಟಾಪಿನಲ್ಲೋ ಮೊಬೈಲಿನಲ್ಲೋ ಇರುವುದನ್ನು ವೈರ್ ಇಲ್ಲದೆ ಗೋಡೆಯ ಟಿವಿಗೆ ಕಳಿಸುವ ಚಿಕ್ಕ ಪೆಟ್ಟಿಗೆ ಈಗ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಆಫೀಸುಗಳಿಗೂ ಬಂದಿದೆ. ಹಾಕಿಕೊಟ್ಟವರು ಒಂದು ಡೆಮೊ ತೋರಿಸಿ, ಚಾ ಕುಡಿದು, ಬಿಲ್ ಕೊಟ್ಟು ಹೋಗುತ್ತಾರೆ. ಆಮೇಲೆ ಅದರ ಸೆಟ್ಟಿಂಗ್ ಯಾರೂ ತೆರೆದು ನೋಡುವುದಿಲ್ಲ. ಬಂದ ಪತ್ರಗಳಲ್ಲಿ ಪೆಟ್ಟಿಗೆಯೇ ಕೆಟ್ಟಂತೆ ಕಾಣುವುದು ಒಂದೂ ಇಲ್ಲ. ಕಂಪನಿಗೊಂದು ಮೆನು, ಹೆಸರುಗಳೂ ಸ್ವಲ್ಪ ಆಚೀಚೆ ಇರುತ್ತವೆ, ಆದರೆ ಒಳಗಿನ ಸಂಗತಿ ಹೆಚ್ಚೂಕಡಿಮೆ ಎಲ್ಲದರಲ್ಲೂ ಒಂದೇ.

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಉದ್ಯಮಬಾಗದಲ್ಲಿ ಮಷೀನ್ ಶಾಪ್. ಪುಣೆ, ಕೊಲ್ಹಾಪುರದಿಂದ ಪಾರ್ಟಿ ಬಂದಾಗ ಡ್ರಾಯಿಂಗ್ ತೋರಿಸೋಕೆ ಅಂತ ಮೇಲಿನ ರೂಮಿಗೆ ಈ ಪೆಟ್ಟಿಗೆ ಹಾಕಿಸಿದ್ದೇವೆ. ನಾನು ಲೆಕ್ಕ ಬರೆಯುವವನು. ಕಂಪ್ಯೂಟರ್ ಬರುತ್ತದೆ ಎಂದು ಮಾಲಕರು "ನೀನೇ ಅಡ್ಮಿನ್" ಎಂದರು. ಮೊನ್ನೆ ಪಾರ್ಟಿಯವರ ಡ್ರಾಯಿಂಗ್ ಪರದೆ ಮೇಲೆ ಇರುವಾಗಲೇ ಕೆಳಗಿನ ಸ್ಟೋರಿನಿಂದ ಯಾರೋ ಮೊಬೈಲಿನ ಕ್ರಿಕೆಟ್ ಹಾಕಿಬಿಟ್ಟರು. ಮಾಲಕರು ನನ್ನ ಮುಖ ನೋಡಿದರು. ಎಲ್ಲಿಂದ ಶುರು ಮಾಡಲಿ?
— ಅಕೌಂಟೆಂಟ್, ಬೆಳಗಾವಿ

ಉತ್ತರ: ಕ್ರಿಕೆಟ್ ಹಾಕಿದವನನ್ನು ಹುಡುಕೋದು ಬಿಡಿ. ಮೊಬೈಲಿನಲ್ಲಿ ಟಿವಿ ಚಿಹ್ನೆ ಕಂಡಿತು, ಒತ್ತಿದ. ಒತ್ತಿದ ಕೂಡಲೇ ಪರದೆಗೆ ಹೋಗುವಂತೆ ಸೆಟ್ಟಿಂಗ್ ಬಿಟ್ಟಿದ್ದಾರೆ, ಅಷ್ಟೇ.

ಮೊದಲು ಒಳಗೆ ಹೋಗಿ. ಯಾರೂ ಏನೂ ಕಳಿಸದೆ ಇರುವಾಗ ಟಿವಿಯ ಮೇಲೆ ರೂಮಿನ ಹೆಸರಿನ ಜೊತೆ 192.168ರಿಂದಲೋ 10ರಿಂದಲೋ ಶುರುವಾಗುವ ಒಂದು ಸಂಖ್ಯೆ ಕಾಣುತ್ತದಲ್ಲ, ಅದು ಪೆಟ್ಟಿಗೆಯ ಐಪಿ ಅಡ್ರೆಸ್. ಆಫೀಸಿನ ಅದೇ ನೆಟ್‌ವರ್ಕಿನಲ್ಲಿರುವ ಕಂಪ್ಯೂಟರಿನ ಬ್ರೌಸರಿನಲ್ಲಿ ಅದನ್ನು ಟೈಪ್ ಮಾಡಿ. "ಈ ಸೈಟ್ ಸುರಕ್ಷಿತವಲ್ಲ" ಎಂದು ಬ್ರೌಸರ್ ಹೆದರಿಸಬಹುದು. ಪೆಟ್ಟಿಗೆ ತನ್ನ ಗುರುತಿನ ಸರ್ಟಿಫಿಕೇಟನ್ನು ತಾನೇ ಬರೆದುಕೊಂಡಿರುತ್ತದೆ, ಅದಕ್ಕೆ ಹಾಗೆ. ಟಿವಿ ಮೇಲಿನ ಸಂಖ್ಯೆಯೂ ನೀವು ಟೈಪ್ ಮಾಡಿದ್ದೂ ಒಂದೇ ಇದ್ದರೆ ಮುಂದೆ ಹೋಗಿ. ಬ್ಯಾಂಕಿನ ಸೈಟಿನಲ್ಲಿ ಇದೇ ಎಚ್ಚರಿಕೆ ಬಂದರೆ ಮಾತ್ರ ಹೋಗಬೇಡಿ ಮತ್ತೆ!

ಲಾಗಿನ್ ಪುಟ ಬಂತಾ? ಎಷ್ಟೋ ಹಳೆಯ ಪೆಟ್ಟಿಗೆಗಳಲ್ಲಿ ಹೆಸರೂ ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್. ಕಂಪನಿಯ ಮ್ಯಾನ್ಯುಯಲ್ ನೆಟ್‌ನಲ್ಲೇ ಸಿಗುತ್ತದೆ, ಅಂದರೆ ನಿಮ್ಮ ಪಾಸ್‌ವರ್ಡ್ ಊರಿಗೆಲ್ಲ ಗೊತ್ತು. ಬೇರೆ ಯಾವುದನ್ನೂ ಮುಟ್ಟುವ ಮೊದಲು ಇದನ್ನು ಬದಲಿಸಿ. ಹೊಸ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಟಿವಿಯ ಹಿಂದೆ ಅಂಟಿಸುವ ಪದ್ಧತಿ ನಮ್ಮ ಕಡೆ ಬಹಳ, ದಯವಿಟ್ಟು ಅದು ಬೇಡ. ಲಕೋಟೆಯಲ್ಲಿ ಹಾಕಿ ಮಾಲಕರ ಕಪಾಟಿನಲ್ಲಿಡಿ. ನಾಳೆ ನೀವು ರಜೆ ಹಾಕಿ ಯಲ್ಲಮ್ಮನ ಗುಡ್ಡಕ್ಕೆ ಹೋದಾಗ ಪಾರ್ಟಿ ಬಂದರೆ ಫೋನ್ ಮೇಲೆ ಫೋನ್ ಬರಬಾರದು ಅಲ್ವಾ.

ಈಗ ಕ್ರಿಕೆಟ್‌ಗೆ ಮದ್ದು. 'ಸೆಕ್ಯೂರಿಟಿ' ಅಥವಾ 'ಆಕ್ಸೆಸ್' ಅನ್ನುವ ಭಾಗದಲ್ಲಿ ಪಿನ್ ಇಲ್ಲವೇ ಸ್ಕ್ರೀನ್ ಕೋಡ್ ಎಂದಿರುತ್ತದೆ. ಸಾಮಾನ್ಯವಾಗಿ ಅದಕ್ಕೆ ಮೂರು ಆಯ್ಕೆ: ಕೋಡ್ ಬೇಡ, ಯಾವಾಗಲೂ ಒಂದೇ ಕೋಡ್, ಪ್ರತಿ ಸಲ ಹೊಸ ಕೋಡ್. ಮೂರನೆಯದನ್ನೇ ಹಾಕಿ. ಆಗ ಟಿವಿಯ ಮೂಲೆಯಲ್ಲಿ ನಾಲ್ಕಂಕಿಯ ಸಂಖ್ಯೆ ಕಾಣುತ್ತದೆ, ಕಳಿಸುವವರು ಅದನ್ನು ತಮ್ಮ ಮೊಬೈಲಿನಲ್ಲಿ ಒತ್ತಬೇಕು. ರೂಮಿನೊಳಗೆ ಕೂತವರಿಗೆ ಮಾತ್ರ ಕಾಣುವುದರಿಂದ ಕೆಳಗಿನ ಸ್ಟೋರಿನವರ ಆಟ ನಡೆಯುವುದಿಲ್ಲ. ಎರಡನೆಯ ಆಯ್ಕೆ ನೋಡೋಕೆ ಸುಲಭ ಅನಿಸುತ್ತದೆ, ಆದರೆ ಒಂದೇ ಕೋಡ್ ಇಟ್ಟರೆ ಅದು ಬೇಗನೆ ಸ್ಟಾಫ್ ವಾಟ್ಸಾಪ್ ಗ್ರೂಪಿಗೆ ಬಂದುಬಿಡುತ್ತದೆ, ಕೋಡ್ ಇದ್ದೂ ಇಲ್ಲದ ಹಾಗೆ.

ಇನ್ನೊಂದು ಸೆಟ್ಟಿಂಗ್ ಇದರ ಪಕ್ಕದಲ್ಲೇ ಸಿಗುತ್ತದೆ. ಒಬ್ಬರು ತೋರಿಸುತ್ತಿರುವಾಗ ಮತ್ತೊಬ್ಬರು ಬಂದರೆ ಏನಾಗಬೇಕು? ಬಂದವರೇ ಪರದೆ ಕಸಿದುಕೊಳ್ಳಬೇಕಾ, ಪರದೆ ಎರಡು ಭಾಗ ಆಗಬೇಕಾ, ಇಲ್ಲ ಮೊದಲಿನವರು ಒಪ್ಪಿದ ಮೇಲೆ ಬರಬೇಕಾ? ನಿಮ್ಮ ಕೆಲಸಕ್ಕೆ ಒಪ್ಪಿಗೆ ಕೇಳುವುದೇ ಸರಿ. ಮಾಲಕರು ಮೆತ್ತಗಿನವರಾದರೆ ಹೇಳಿ ಇಡಿ, ಒಪ್ಪಿಗೆ ಕೇಳಿದಾಗ ಬೇಡ ಎನ್ನುವ ಬಟನ್ನೂ ಇರುತ್ತದೆ.

ಪಾರ್ಟಿಯವರ ಡ್ರಾಯಿಂಗ್ ಅಂದಿರಲ್ಲ, ಅದು ಅವರ ಆಸ್ತಿ. ಮೀಟಿಂಗ್ ಮುಗಿದ ಮೇಲೂ ಲ್ಯಾಪ್‌ಟಾಪ್ ಕನೆಕ್ಟ್ ಆಗಿಯೇ ಇದ್ದು, ಮುಂದಿನ ಪಾರ್ಟಿ ಒಳಗೆ ಬಂದಾಗ ಹಿಂದಿನವರ ಕಾಸ್ಟಿಂಗ್ ರೇಟು ಟಿವಿ ಮೇಲೆ ಇದ್ದರೆ ಏನು ಗತಿ? ಅದಕ್ಕೆ, ಸುಮ್ನೆ ಇರುವ ಕನೆಕ್ಷನ್ ಸ್ವಲ್ಪ ಹೊತ್ತಿಗೆ ತಾನೇ ಕಡಿಯುವ ಸೆಟ್ಟಿಂಗ್ ಇದ್ದರೆ ಅದನ್ನು ಆನ್ ಮಾಡಿ. ವೈಟ್‌ಬೋರ್ಡ್ ಸೌಲಭ್ಯ ಇದ್ದರೆ ಮೀಟಿಂಗ್ ಮುಗಿದಾಗ ಬರೆದದ್ದು ಅಳಿಸಿ ಹೋಗುವಂತೆ ಇಡಿ. ಟಿವಿಯ ಖಾಲಿ ಪರದೆಯಲ್ಲಿ ಆಫೀಸಿನ ವೈಫೈ ಪಾಸ್‌ವರ್ಡ್ ತೋರಿಸುವ ಆಯ್ಕೆ ಕೆಲವದರಲ್ಲಿ ಇರುತ್ತದೆ. ಅತಿಥಿಗಳ ವೈಫೈ ಬೇರೆ ಇದ್ದರೆ ಅದನ್ನು ತೋರಿಸಿ, ಆಫೀಸಿನದು ಖಂಡಿತ ಬೇಡ.

ಕೊನೆಗೆ, ಯಾವ ಯಾವ ದಾರಿಯಿಂದ ಪರದೆಗೆ ಬರಬಹುದು ಎನ್ನುವುದು. ಐಫೋನ್, ಮ್ಯಾಕ್‌ಗಳದ್ದು ಏರ್‌ಪ್ಲೇ, 2010ರಿಂದ ಇದೆ. ವಿಂಡೋಸ್ ಲ್ಯಾಪ್‌ಟಾಪ್‌ಗಳದ್ದು ಮಿರಾಕಾಸ್ಟ್, ಅದನ್ನು ವೈಫೈ ಕಂಪನಿಗಳ ಒಕ್ಕೂಟವಾದ ವೈಫೈ ಅಲಯನ್ಸ್ 2012ರಲ್ಲಿ ತಂದಿತು, ವಿಂಡೋಸ್ ಕೀ ಜೊತೆ ಕೆ ಒತ್ತಿದರೆ ಪಟ್ಟಿ ಬರುತ್ತದೆ. ಐಫೋನಿಗೆ ಮಿರಾಕಾಸ್ಟ್ ಬರುವುದಿಲ್ಲ. ಸ್ಯಾಮ್‌ಸಂಗ್ ಫೋನಿನಲ್ಲಿ ಸ್ಮಾರ್ಟ್ ವ್ಯೂ ಅನ್ನುವ ಹೆಸರಿನಲ್ಲಿ ಬರುತ್ತದೆ, ಗೂಗಲ್‌ನ ಪಿಕ್ಸೆಲ್ ಫೋನ್‌ಗಳು ಗೂಗಲ್‌ನದೇ ವಿಧಾನವಾದ ಕಾಸ್ಟ್ ಮಾತ್ರ ಹಿಡಿದು ಕೂತಿವೆ. ನಿಮ್ಮ ರೂಮಿಗೆ ಬರುವವರು ಯಾವುದನ್ನು ತರುತ್ತಾರೋ ಅಷ್ಟನ್ನೇ ಆನ್ ಇಡಿ. ಬೇಡದ್ದನ್ನು ಮುಚ್ಚಿದರೆ ತಲೆನೋವೂ ಕಡಿಮೆ, ಬಾಗಿಲೂ ಕಡಿಮೆ.

ಪ್ರಶ್ನೆ: ನಾನು ಕಾಲೇಜೊಂದರಲ್ಲಿ ಲ್ಯಾಬ್ ನೋಡಿಕೊಳ್ಳುತ್ತೇನೆ. ಸೆಮಿನಾರ್ ಹಾಲಿನ ಪೆಟ್ಟಿಗೆ ಮೊದಲು ಎಲ್ಲರಿಗೂ ಕಾಣುತ್ತಿತ್ತು. ಬೇಸಿಗೆ ರಜೆಯಲ್ಲಿ ನೆಟ್‌ವರ್ಕ್‌ನವರು ಬಂದು ಸ್ಟಾಫ್ ಬೇರೆ, ವಿದ್ಯಾರ್ಥಿಗಳು ಬೇರೆ, ಅತಿಥಿಗಳು ಬೇರೆ ಎಂದು ಭಾಗ ಮಾಡಿದರು. ಈಗ ಸ್ಟಾಫ್‌ಗೆ ಕಾಣುತ್ತದೆ, ಹೊರಗಿನಿಂದ ಉಪನ್ಯಾಸಕ್ಕೆ ಬಂದವರಿಗೆ ಕಾಣುವುದಿಲ್ಲ. ಹಾಕಿಕೊಟ್ಟವರು "ಫೈರ್‌ವಾಲ್ ಆಫ್ ಮಾಡಿ ಮೇಡಂ, ಬರುತ್ತದೆ" ಎನ್ನುತ್ತಾರೆ. ಮಾಡಲಾ?
— ಲ್ಯಾಬ್ ಸಿಬ್ಬಂದಿ, ನವನಗರ, ಬಾಗಲಕೋಟೆ

ಉತ್ತರ: ಮಾಡಬೇಡಿ ಮೇಡಂ. ಫೈರ್‌ವಾಲ್ ಅಂದರೆ ನೆಟ್‌ವರ್ಕಿನಲ್ಲಿ ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂದು ನೋಡುವ ಕಾವಲುಗಾರ. ಆ ಸಲಹೆ ಕೊಟ್ಟವರಿಗೆ ತಮ್ಮ ಕೆಲಸ ಬೇಗ ಮುಗಿಯಬೇಕು, ನಾಳೆ ಉತ್ತರ ಕೊಡಬೇಕಾದವರು ನೀವು.

ಭಾಗ ಮಾಡಿದ್ದು ಒಳ್ಳೆಯ ಕೆಲಸವೇ. ಆದರೆ ಈ ಪೆಟ್ಟಿಗೆ ತಾನು ಇದ್ದೇನೆ ಎಂದು ಹೇಳಿಕೊಳ್ಳುವ ರೀತಿ ಅಂಗಳದಲ್ಲಿ ನಿಂತು ಕೂಗಿದ ಹಾಗೆ, ಪಕ್ಕದ ಓಣಿಗೆ ಕೇಳಿಸುವುದಿಲ್ಲ. ಏರ್‌ಪ್ಲೇ ಮತ್ತು ಕಾಸ್ಟ್ ಎರಡೂ ಎಂಡಿಎನ್‌ಎಸ್ ಅನ್ನುವ ವಿಧಾನದಿಂದ ಪೆಟ್ಟಿಗೆಯನ್ನು ಹುಡುಕುತ್ತವೆ. ಆ ಕೂಗು ಹೋಗುವುದು 224.0.0.251 ಎಂಬ ಅಡ್ರೆಸ್ಸಿಗೆ, ಯುಡಿಪಿ ಪೋರ್ಟ್ 5353ರಲ್ಲಿ (ಪೋರ್ಟ್ ಅಂದರೆ ಆ ಅಡ್ರೆಸ್ಸಿನ ಬಾಗಿಲಿನ ನಂಬರ್ ಇದ್ದ ಹಾಗೆ). ಒಂದು ನೆಟ್‌ವರ್ಕಿನಿಂದ ಇನ್ನೊಂದಕ್ಕೆ ಅದನ್ನು ರೂಟರ್ ದಾಟಿಸುವುದಿಲ್ಲ, ದಾಟಿಸಬಾರದು ಎಂದೇ ನಿಯಮ. ಹಾಗಾಗಿ ಫೈರ್‌ವಾಲ್ ಪೂರ್ತಿ ತೆಗೆದರೂ ಅತಿಥಿಯ ಪಟ್ಟಿಯಲ್ಲಿ ಪೆಟ್ಟಿಗೆಯ ಹೆಸರು ಬರದೇ ಇರಬಹುದು.

ನಿಮ್ಮಲ್ಲಿ ಯಾವುದು ಅಡ್ಡ ಬಂದಿದೆ ಎಂದು ಮೊದಲು ಕಂಡುಕೊಳ್ಳಿ. ಒಂದು ಫೋನನ್ನು ಅತಿಥಿ ವೈಫೈಗೆ ಹಾಕಿ, ಅದರ ಬ್ರೌಸರಿನಲ್ಲಿ ಪೆಟ್ಟಿಗೆಯ ಅಡ್ರೆಸ್ ತೆರೆಯಿರಿ. ಪುಟ ತೆರೆಯಿತು, ಆದರೆ ಪಟ್ಟಿಯಲ್ಲಿ ಹೆಸರು ಇಲ್ಲ ಎಂದರೆ ದಾರಿ ಇದೆ, ಕೂಗು ಮಾತ್ರ ಕೇಳಿಸುತ್ತಿಲ್ಲ. ಪುಟವೂ ತೆರೆಯಲಿಲ್ಲ ಎಂದರೆ ದಾರಿಯನ್ನೇ ಮುಚ್ಚಿದ್ದಾರೆ. ಅತಿಥಿ ವೈಫೈಯಲ್ಲಿ 'ಕ್ಲೈಂಟ್ ಐಸೊಲೇಷನ್' ಎನ್ನುವುದು ಮಾಮೂಲಿಯಾಗಿ ಆನ್ ಇರುತ್ತದೆ, ಅಲ್ಲಿ ಒಂದು ಫೋನಿಗೆ ಇನ್ನೊಂದು ಫೋನ್ ಕಾಣದು. ಪೆಟ್ಟಿಗೆಯನ್ನೂ ಅದೇ ಅತಿಥಿ ವೈಫೈಗೆ ಸೇರಿಸಿದರೆ ಅದೂ ಕಾಣದು. ಎಷ್ಟೋ ಜನ ಇಲ್ಲಿಯೇ ಸಿಕ್ಕಿಬೀಳುತ್ತಾರೆ. ಎರಡೂ ಒಂದೇ ವೈಫೈಯಲ್ಲಿವೆ, ಆದರೂ ಯಾಕೆ ಬರ್ತಿಲ್ಲ ಎಂದು ಪೆಟ್ಟಿಗೆಯನ್ನೇ ಆಫ್ ಆನ್ ಮಾಡುತ್ತಾ ಕೂರುತ್ತಾರೆ.

ಕೂಗಿನ ಸಮಸ್ಯೆ ಎಂದರೆ ನಿಮ್ಮ ರೂಟರ್ ಅಥವಾ ವೈಫೈ ಕಂಟ್ರೋಲರಿನಲ್ಲಿ 'ಎಂಡಿಎನ್‌ಎಸ್ ಗೇಟ್‌ವೇ' ಇಲ್ಲವೇ 'ಬೊಂಜೂರ್ ಗೇಟ್‌ವೇ' ಇದೆಯಾ ನೋಡಿ. ಅದು ಈ ಕಡೆಯ ಕೂಗನ್ನು ಆ ಕಡೆಗೆ ಮುಟ್ಟಿಸುತ್ತದೆ. ಸೆಮಿನಾರ್ ಹಾಲಿನ ಪೆಟ್ಟಿಗೆಗೆ ಮಾತ್ರ ಹಾಕಿ. ಇಲ್ಲದಿದ್ದರೆ ಸ್ಟಾಫ್ ರೂಮಿನ ಪ್ರಿಂಟರ್‌ಗಳೆಲ್ಲ ಅತಿಥಿಗಳ ಪಟ್ಟಿಗೆ ಬಂದು ಕೂರುತ್ತವೆ.

ದಾರಿಯ ಸಮಸ್ಯೆ ಎಂದರೆ ಅತಿಥಿ ನೆಟ್‌ವರ್ಕಿನಿಂದ ಈ ಒಂದು ಪೆಟ್ಟಿಗೆಯ ಅಡ್ರೆಸ್ಸಿಗೆ, ಕಂಪನಿಯ ಮ್ಯಾನ್ಯುಯಲ್‌ನಲ್ಲಿ ಕೊಟ್ಟ ಪೋರ್ಟ್‌ಗಳಿಗೆ ಮಾತ್ರ ಅನುಮತಿ ಕೊಡಿಸಿ. ವಿಂಡೋಸ್‌ನ ಮಿರಾಕಾಸ್ಟ್ ಮಾಮೂಲಿಯಾಗಿ ಲ್ಯಾಪ್‌ಟಾಪ್ ಮತ್ತು ಪೆಟ್ಟಿಗೆಯ ನಡುವೆ ನೇರ ರೇಡಿಯೊದಲ್ಲಿ ನಡೆಯುತ್ತದೆ, ಕಾಲೇಜಿನ ವೈಫೈ ಬೇಕಾಗುವುದಿಲ್ಲ. 2017ರ ವಿಂಡೋಸ್ 10ರ 1703 ಆವೃತ್ತಿಯಿಂದ ಈಚೆಗೆ ಅದು ಆಫೀಸಿನ ನೆಟ್‌ವರ್ಕ್ ಮೂಲಕವೂ ಹೋಗಬಲ್ಲದು, ಅದಕ್ಕೆ ಟಿಸಿಪಿ 7250 ಪೋರ್ಟ್ ಬೇಕು. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ನೆಟ್‌ವರ್ಕ್‌ನವರ ಕೈಗೆ ಕೊಡಿ. "ಬರ್ತಿಲ್ಲ ಸರ್" ಅಂದರೆ ಅವರು ಬರುವುದಿಲ್ಲ, ಪೋರ್ಟ್ ನಂಬರ್ ಬರೆದು ಕೊಟ್ಟರೆ ಬರುತ್ತಾರೆ.

ಕೆಲವು ಪೆಟ್ಟಿಗೆಗಳು ವೈರ್‌ನಿಂದ ಸ್ಟಾಫ್ ನೆಟ್‌ವರ್ಕಿಗೂ ವೈಫೈಯಿಂದ ಅತಿಥಿ ನೆಟ್‌ವರ್ಕಿಗೂ ಒಟ್ಟಿಗೆ ಸೇರಿಕೊಳ್ಳುತ್ತವೆ. ಸುಲಭ ದಾರಿ. ಆದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಪೆಟ್ಟಿಗೆಯ ಮೂಲಕ ಯಾರೂ ನುಸುಳದಂತೆ ಆ ಎರಡರ ನಡುವಿನ ಬ್ರಿಜ್ ಆಫ್ ಇದೆಯಾ ಎಂದು ನೋಡಿಕೊಳ್ಳಿ.

ಮತ್ತೆ ನಿಮ್ಮದು ಕಾಲೇಜು. ಅಡ್ಮಿನ್ ಪುಟ ವಿದ್ಯಾರ್ಥಿಗಳ ನೆಟ್‌ವರ್ಕಿನಿಂದ ತೆರೆಯಲೇಬಾರದು. ನಿಮ್ಮ ಕಂಪ್ಯೂಟರ್ ಸೈನ್ಸ್ ಹುಡುಗರಿಗೆ ಆ ಅಡ್ರೆಸ್ ಸಿಕ್ಕ ದಿನ ಪ್ರಿನ್ಸಿಪಾಲರ ಭಾಷಣದ ನಡುವೆ ಏನು ಬರುತ್ತದೆಯೋ ದೇವರಿಗೇ ಗೊತ್ತು.

ಪ್ರಶ್ನೆ: ನಮ್ಮ ಸೌಹಾರ್ದ ಸಹಕಾರಿಯ ಬೋರ್ಡ್ ರೂಮಿನಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ ಇದು ಕೈಕೊಡುತ್ತದೆ. ಒಂದೊಂದು ಸಲ ಅಡ್ರೆಸ್ ಬೇರೆ ತೋರಿಸುತ್ತದೆ, ಒಂದೊಂದು ಸಲ 169ರಿಂದ ಶುರುವಾಗುವ ಏನೋ ಬರುತ್ತದೆ, ಆಗ ಯಾರಿಗೂ ಕನೆಕ್ಟ್ ಆಗುವುದಿಲ್ಲ. ಗಡಿಯಾರವೂ ತಪ್ಪು. ನಿರ್ದೇಶಕರು "ಇದನ್ನ ತೆಗೆದು ಒಗೀರಿ" ಎನ್ನುತ್ತಿದ್ದಾರೆ.
— ಸಿಬ್ಬಂದಿ, ವಿಜಯಪುರ

ಉತ್ತರ: ಒಗೆಯಬೇಡಿ. 169.254 ಎಂದು ತೋರಿಸುವುದು ಒಳ್ಳೆಯ ಸುಳಿವು. ನಿಮ್ಮಲ್ಲಿ ಅಡ್ರೆಸ್ ಹಂಚುವುದು ರೂಟರ್. ಕರೆಂಟ್ ಬಂದಾಗ ಪೆಟ್ಟಿಗೆ ಬೇಗ ಎದ್ದಿದೆ, ರೂಟರ್ ಇನ್ನೂ ಎದ್ದಿಲ್ಲ. ಕೇಳಿದರೆ ಯಾರೂ ಅಡ್ರೆಸ್ ಕೊಡಲಿಲ್ಲ, ಆಗ ಅದು ತಾನೇ ಒಂದನ್ನು ಇಟ್ಟುಕೊಂಡಿದೆ, ಅದೇ ಈ 169.254. ಆಗ ಪೆಟ್ಟಿಗೆಯನ್ನು ಮಾತ್ರ ಒಮ್ಮೆ ಆಫ್ ಆನ್ ಮಾಡಿದರೆ ಸರಿಹೋಗುತ್ತದೆ. ಶಾಶ್ವತ ಪರಿಹಾರ ಬೇಕಾದರೆ ರೂಟರ್, ಸ್ವಿಚ್, ಪೆಟ್ಟಿಗೆ ಮೂರನ್ನೂ ಒಂದು ಯುಪಿಎಸ್ ಮೇಲೆ ಹಾಕಿ. ಟಿವಿ ಹಾಕುವುದು ಬೇಡ, ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಹೆಸ್ಕಾಂನವರು ಕರೆಂಟ್ ತೆಗೆದು ಕೊಟ್ಟರೂ ಆಮೇಲೆ ಪೆಟ್ಟಿಗೆಗೆ ಗೊತ್ತಾಗುವುದಿಲ್ಲ.

ಅಡ್ರೆಸ್ ಬದಲಾಗುವುದಕ್ಕೆ ಬೇರೆ ಮದ್ದು. ಪೆಟ್ಟಿಗೆಯ ತಳದ ಸ್ಟಿಕ್ಕರಿನಲ್ಲಿ ಹನ್ನೆರಡು ಅಕ್ಷರ-ಅಂಕಿಗಳ ಮ್ಯಾಕ್ ಅಡ್ರೆಸ್, ಅಂದರೆ ಆ ಪೆಟ್ಟಿಗೆಯ ಹುಟ್ಟುಗುರುತು, ಇರುತ್ತದೆ. ವೈರ್‌ಗೆ ಒಂದು, ವೈಫೈಗೆ ಒಂದು ಹೀಗೆ ಎರಡು ಇದ್ದರೆ ನೀವು ಬಳಸುತ್ತಿರುವುದನ್ನೇ ಬರೆದುಕೊಳ್ಳಿ. ರೂಟರಿನಲ್ಲಿ ಅಡ್ರೆಸ್ ಹಂಚುವ ಡಿಎಚ್‌ಸಿಪಿ ಭಾಗದಲ್ಲಿ 'ರಿಸರ್ವೇಷನ್' ಎಂದಿರುವ ಕಡೆ ಈ ಮ್ಯಾಕ್‌ಗೆ ಇದೇ ಅಡ್ರೆಸ್ ಎಂದು ಕಟ್ಟಿಬಿಡಿ. ಪೆಟ್ಟಿಗೆಯಲ್ಲೇ ಬದಲಾಗದ (ಸ್ಟ್ಯಾಟಿಕ್) ಅಡ್ರೆಸ್ ಕೊಡಬಹುದು, ತಪ್ಪೇನಿಲ್ಲ, ಆದರೆ ಅದೇ ಅಡ್ರೆಸನ್ನು ರೂಟರ್ ಇನ್ಯಾರಿಗಾದರೂ ಕೊಟ್ಟರೆ ಇಬ್ಬರೂ ಜಗಳಕ್ಕೆ ಬೀಳುತ್ತಾರೆ. ರೂಟರಿನಲ್ಲೇ ಕಟ್ಟುವುದು ನನಗೆ ಇಷ್ಟ, ಎಲ್ಲ ಲೆಕ್ಕ ಒಂದೇ ಕಡೆ ಇರುತ್ತದೆ.

ಗಡಿಯಾರವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇಂಥ ಎಷ್ಟೋ ಪೆಟ್ಟಿಗೆಗಳಲ್ಲಿ ಸಮಯ ಹಿಡಿದಿಡುವ ಬ್ಯಾಟರಿ ಇರುವುದಿಲ್ಲ. ಕರೆಂಟ್ ಹೋದರೆ ಎಷ್ಟೋ ವರ್ಷ ಹಿಂದಕ್ಕೆ ಹೋಗಿ ಕೂರುತ್ತವೆ. ಆಗ ಸರ್ಟಿಫಿಕೇಟ್‌ಗಳ ತಾರೀಕು ಹೊಂದುವುದಿಲ್ಲ, ಅಪ್‌ಡೇಟ್ ಆಗುವುದಿಲ್ಲ, ಆನ್‌ಲೈನ್ ಲಾಗಿನ್ ನಡೆಯುವುದಿಲ್ಲ, ನೀವು ಇಂಟರ್ನೆಟ್ ಹಾಳಾಗಿದೆ ಎಂದು ಲೈನ್‌ಮನ್‌ಗೆ ಫೋನ್ ಮಾಡುತ್ತೀರಿ. ಸಮಯದ ಭಾಗದಲ್ಲಿ ಎನ್‌ಟಿಪಿ, ಅಂದರೆ ನೆಟ್‌ನಿಂದ ಸರಿಯಾದ ಸಮಯ ತರಿಸುವ ಸೌಲಭ್ಯ, ಆನ್ ಮಾಡಿ, ಟೈಮ್ ಝೋನ್ 5:30 ಇರಲಿ. ದೇಶದ ಸಂಸ್ಥೆಗಳ ಕಂಪ್ಯೂಟರ್ ಗಡಿಯಾರಗಳು ಸರ್ಕಾರದ ಕಂಪ್ಯೂಟರ್ ಸಂಸ್ಥೆ ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎನ್‌ಟಿಪಿಗೆ, ಇಲ್ಲವೇ ಅವುಗಳಿಗೆ ಹೊಂದುವ ಸರ್ವರ್‌ಗೆ ಸೇರಿರಬೇಕು ಎಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲೇ ಹೇಳಿದೆ. ದುಡ್ಡಿನ ವ್ಯವಹಾರದ ಸಂಸ್ಥೆ ನಿಮ್ಮದು, ಉಳಿದ ಕಂಪ್ಯೂಟರ್‌ಗಳಿಗೆ ಯಾವ ಸರ್ವರ್ ಹಾಕಿದ್ದಾರೋ ಇದಕ್ಕೂ ಅದನ್ನೇ ಹಾಕಿಸಿ.

ಇನ್ನೆರಡು ಮಾತು. ಪೆಟ್ಟಿಗೆಯೊಳಗಿನ ಸಾಫ್ಟ್‌ವೇರ್ (ಫರ್ಮ್‌ವೇರ್) ಅಪ್‌ಡೇಟ್ ತಾನೇ ಆಗುವಂತೆ ಇಟ್ಟರೆ ಅದರ ಸಮಯ ರಾತ್ರಿಗೆ ಹಾಕಿ, ಸೆಪ್ಟೆಂಬರಿನ ಸರ್ವಸಾಧಾರಣ ಸಭೆಯ ಹಿಂದಿನ ದಿನ ಮಾತ್ರ ಏನನ್ನೂ ಅಪ್‌ಡೇಟ್ ಮಾಡಬೇಡಿ. ಮತ್ತೆ, ಪೆಟ್ಟಿಗೆಯನ್ನು ಅಂದಕ್ಕೆಂದು ಟಿವಿ ಹಿಂದಿನ ಪ್ಲೈವುಡ್ ಪ್ಯಾನೆಲ್ಲಿನೊಳಗೆ ಮುಚ್ಚಿಟ್ಟಿದ್ದರೆ ಹೊರಗೆ ತೆಗೆಯಿರಿ. ನಿಮ್ಮೂರಿನ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟುತ್ತದೆ, ಆ ಗೂಡಿನೊಳಗೆ ಅದು ಬೇಯುತ್ತಿರುತ್ತದೆ.

ಪ್ರಶ್ನೆ: ಸಾಹೇಬ್ರೆ, ಅಡ್ಮಿನ್ ಆಗಿದ್ದ ಹುಡುಗ ಕೆಲಸ ಬಿಟ್ಟು ಬೆಂಗಳೂರಿಗೆ ಹೋದ. ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಏನು ಮಾಡೋದು?
— ಜವಳಿ ವ್ಯಾಪಾರಿ, ಬನಹಟ್ಟಿ

ಉತ್ತರ: ಫೋನ್ ಮಾಡಿ ಕೇಳಿ. ತಮಾಷೆ ಅಲ್ಲ, ಇದೇ ಎಲ್ಲಕ್ಕಿಂತ ಬೇಗ ಆಗುವ ಕೆಲಸ. ಹುಡುಗ ಫೋನ್ ಎತ್ತದಿದ್ದರೆ ಪೆಟ್ಟಿಗೆಯ ಹಿಂದೆ ಸೂಜಿ ತೂರುವಷ್ಟು ಚಿಕ್ಕ ರೀಸೆಟ್ ತೂತು ಇದೆಯಾ ನೋಡಿ. ಪಿನ್‌ನಿಂದ ಒತ್ತಿ ಹಿಡಿದರೆ ಹೊಸದಾಗಿ ತಂದಾಗ ಇದ್ದ ಸ್ಥಿತಿಗೆ ಹೋಗುತ್ತದೆ. ಎಷ್ಟು ಹೊತ್ತು ಹಿಡಿಯಬೇಕು ಎನ್ನುವುದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ, ಮ್ಯಾನ್ಯುಯಲ್ ನೋಡಿಯೇ ಮಾಡಿ. ಎಲ್ಲ ಸೆಟ್ಟಿಂಗ್ ಅಳಿಸಿ ಹೋಗುವುದರಿಂದ ಒತ್ತುವ ಮೊದಲು ಟಿವಿ ಮೇಲೆ ಕಾಣುವ ಅಡ್ರೆಸ್, ರೂಮಿನ ಹೆಸರು, ವೈಫೈ ಹೆಸರಿನ ಒಂದು ಫೋಟೊ ತೆಗೆದಿಡಿ.

ಕಷ್ಟ ಇರುವುದು ಬೇರೆ ಕಡೆ. ಈಗಿನ ಎಷ್ಟೋ ಪೆಟ್ಟಿಗೆಗಳನ್ನು ಕಂಪನಿಯ ಆನ್‌ಲೈನ್ ಖಾತೆಗೆ ಜೋಡಿಸಿರುತ್ತಾರೆ. ಆ ಹುಡುಗ ತನ್ನ ಸ್ವಂತ ಇಮೇಲ್ ಹಾಕಿ ಜೋಡಿಸಿದ್ದರೆ ನೀವು ರೀಸೆಟ್ ಮಾಡಿದರೂ ಪೆಟ್ಟಿಗೆ ಅವನ ಖಾತೆಯಲ್ಲೇ ಉಳಿಯಬಹುದು. ಆಗ ಸೀರಿಯಲ್ ನಂಬರ್ ಮತ್ತು ಖರೀದಿ ಬಿಲ್ ಇಟ್ಟುಕೊಂಡು ಕಂಪನಿಯ ಸರ್ವಿಸ್‌ನವರನ್ನು ಹಿಡಿಯಬೇಕು. ಬಿಲ್ ಹುಡುಕಿ ಇಡಿ. ಮುಂದೆ ಖಾತೆ ಮಾಡುವಾಗ ಅಂಗಡಿಯ ಇಮೇಲ್ ಹಾಕಿ, ಮನುಷ್ಯರದ್ದು ಬೇಡ. ಸೆಟ್ಟಿಂಗ್ ಎಲ್ಲ ಸರಿಯಾದ ಮೇಲೆ 'ಬ್ಯಾಕಪ್' ಆಯ್ಕೆಯಿಂದ ಒಂದು ಫೈಲ್ ಇಳಿಸಿ ಇಟ್ಟುಕೊಂಡರೆ ಮುಂದಿನ ಸಲ ಈ ಗೋಳು ಅರ್ಧ ಗಂಟೆಯ ಕೆಲಸ.

ಪ್ರಶ್ನೆ: ವಿಡಿಯೊ ತೋರಿಸಿದರೆ ತಡೆದು ತಡೆದು ಬರುತ್ತದೆ. ಕೆಲವು ಸಿನಿಮಾ ಆ್ಯಪ್ ಹಾಕಿದರೆ ಬರೀ ಕಪ್ಪು ಪರದೆ, ಧ್ವನಿ ಮಾತ್ರ.
— ಸಕ್ಕರೆ ಕಾರ್ಖಾನೆ ಉದ್ಯೋಗಿ, ಮುಧೋಳ

ಉತ್ತರ: ಪೆಟ್ಟಿಗೆಗೆ ಲ್ಯಾನ್ ಕೇಬಲ್ ಎಳೆಸಿ, ಅರ್ಧ ಸಮಸ್ಯೆ ಅಲ್ಲಿಗೇ ಹೋಯಿತು. 100 ಮೀಟರ್‌ವರೆಗೆ ಎಳೆಯಬಹುದು. ವೈಫೈಯೇ ಗತಿ ಎಂದರೆ 5 ಗಿಗಾಹರ್ಟ್ಸ್‌ಗೆ ಹಾಕಿ. 2.4ರಲ್ಲೇ ಇರಬೇಕಾದರೆ ಚಾನೆಲ್ 1, 6 ಅಥವಾ 11, ಇವುಗಳ ನಡುವಿನದನ್ನು ಹಾಕಿದರೆ ಎರಡೂ ಕಡೆಯವರ ಗದ್ದಲ ಕೇಳಬೇಕಾಗುತ್ತದೆ. ಕಪ್ಪು ಪರದೆ ಸೆಟ್ಟಿಂಗ್‌ನಿಂದ ಸರಿಹೋಗದು, ಅದು ನಕಲು ತಡೆಯಲು ಆ ಆ್ಯಪ್‌ನವರೇ ಹಾಕಿದ ಬೀಗ. ಮೀಟಿಂಗ್ ರೂಮಿನಲ್ಲಿ ಸಿನಿಮಾ ಯಾಕೆ ಎಂದು ನಾನು ಕೇಳುವುದಿಲ್ಲ.

ಪ್ರಶ್ನೆ: ಟಿಳಕವಾಡಿಯಲ್ಲಿ ನಮ್ಮದು ತೆರಿಗೆ ಸಲಹಾ ಕಚೇರಿ. ಆರು ಕುರ್ಚಿಯ ರೂಮು, ಯಾವಾಗಲೂ ನನ್ನ ಒಂದೇ ಲ್ಯಾಪ್‌ಟಾಪ್. ನಾವೂ ಇಂಥದ್ದೊಂದು ತರಬೇಕಾ?
— ತೆರಿಗೆ ಸಲಹೆಗಾರರು, ಬೆಳಗಾವಿ

ಉತ್ತರ: ಬೇಡ. ಒಂದು ಒಳ್ಳೆಯ ಎಚ್‌ಡಿಎಂಐ ಕೇಬಲ್ ತನ್ನಿ, ಟೇಬಲ್‌ವರೆಗೆ ಸಲೀಸಾಗಿ ಬರುವಷ್ಟು ಉದ್ದದ್ದು. ಲ್ಯಾಪ್‌ಟಾಪಿನಲ್ಲಿ ಟೈಪ್-ಸಿ ಮಾತ್ರ ಇದ್ದರೆ ಅಡಾಪ್ಟರ್ ಬೇಕು, ಆದರೆ ಎಲ್ಲ ಟೈಪ್-ಸಿ ತೂತುಗಳೂ ಪರದೆಗೆ ಚಿತ್ರ ಕಳಿಸುವುದಿಲ್ಲ. ಅಂಗಡಿಗೆ ಹೋಗುವಾಗ ಲ್ಯಾಪ್‌ಟಾಪನ್ನೇ ಬಗಲಲ್ಲಿ ಹಿಡಿದುಕೊಂಡು ಹೋಗಿ, ಅಲ್ಲೇ ಒಂದು ಟಿವಿಗೆ ಹಚ್ಚಿ ನೋಡಿ, ಬಂದರೆ ಮಾತ್ರ ದುಡ್ಡು ಕೊಡಿ.